ರೊಟ್ಟಿ ಹಲಗೆಯ ಪೆನ್ನು

ಬಾಗಿಲ ಸಂದಿಯಿಂದ ಪುದೀನದ ಘಮ, ಅದರ ಹಿಂದೆಯೇ ಸಮುದ್ರದ ಗಾಳಿ, ನಮ್ಮ ಎಸ್ಸೌಯಿರಾ ಊರಿನ ಗಾಳಿಗೆ ಬಾಗಿಲೆಂದರೆ ಲೆಕ್ಕಕ್ಕಿಲ್ಲ, ಮರದ ಹೊಟ್ಟು ಎಲ್ಲ ಎದ್ದು ನನ್ನ ಗಡ್ಡಕ್ಕೇ ಬರುತ್ತದೆ — ಇವತ್ತಾದರೂ ಚೊಕ್ಕವಾಗಿರಬೇಕಿತ್ತು ಈ ಗಡ್ಡ, ಮದುಮಗನ ಗಡ್ಡ, ಅರವತ್ತು ದಾಟಿದ ಮದುಮಗ, ನಗು ಬರುತ್ತದೆ, ಬರಲಿ, ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಅದೂಲರು ಬಂದು ನಿಕಾಹದ ಕರಾರು ಬರೆಯುತ್ತಾರೆ, ನಾನು ಸಹಿ ಹಾಕುತ್ತೇನೆ, ಯಮ್ನಾ ಹಾಕುತ್ತಾಳೆ, ಹಾಕುತ್ತಾಳೆಯೇ, ಈ ಪೆನ್ನು ಸರಿಯಾದರೆ ಹಾಕುತ್ತಾಳೆ. ಕುಂಟೋ ಪೆನ್ನಲ್ಲಿ ನಾನು ಸಹಿ ಹಾಕಲ್ಲ ಮಾಲೆಮ್ ಅಲ್ಲಾಲ್, ಮುಖಕ್ಕೇ ಹೇಳಿದಳಲ್ಲ ನಿನ್ನೆ, ಮಾಲೆಮ್ ಅಂತ ಮರ್ಯಾದೆ ಬೇರೆ, ಕಸುಬಿನ ಗುರುವಂತೆ, ನಾನು ಕಡೆದುಕೊಟ್ಟ ಪೆನ್ನನ್ನು ಚಹದ ತಟ್ಟೆಯ ಮೇಲೆ ಉರುಳಿಸಿದಳು, ಅದು ಎರಡು ಸುತ್ತು ಹೋಗಿ ತೂಗಿತು, ನಿಂತಿತು, ನೋಡಿ ನಿಮ್ಮ ಕತ್ತೆ ಹೆಂಗ್ ಕುಂಟ್ತಿದೆ, ಅಂದಳು, ನನ್ನ ಮಗಳು ರಕಿಯಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ತಪ್ಪು ರಕಿಯಾಳದ್ದೇ. ಅಪ್ಪಾ, ಈಗೆಲ್ಲ ಹಿಂಗೇ ಕಡೀತಾರೆ, ಅಂತ ಕಡೆಯುವ ಯಂತ್ರಕ್ಕೆ ಆ ಉಕ್ಕಿನ ಸರಳು ತರಿಸಿದಳು, ಮರದ ತುಂಡನ್ನು ಅದಕ್ಕೆ ಪೋಣಿಸಿ ತಿರುಪು ಬಿಗಿಯಬೇಕಂತೆ, ಬಿಗಿದೆ, ಬಿಗಿದಷ್ಟೂ ಸರಳು ಕೂದಲೆಳೆಯಷ್ಟು ಬಾಗಿತು, ಬಾಗಿದ ಸರಳಿನ ಮೇಲೆ ಕಡೆದದ್ದು ದುಂಡಗಾಗುತ್ತದೆಯೇ, ನನ್ನ ಅಪ್ಪ ನೋಡಿದ್ದರೆ ಅದೇ ಸರಳಿನಿಂದ ಬಾರಿಸುತ್ತಿದ್ದ.

ಈಗ ಸರಳು ಮೂಲೆಯಲ್ಲಿದೆ. ಹೊಸ ತುಂಡಿನೊಳಗೆ ಹಿತ್ತಾಳೆಯ ಕೊಳವೆ, ಕೊಳವೆಯ ಈ ಬಾಯಿಗೆ ಯಂತ್ರದ ಒಂದು ಮೊನೆ, ಆ ಬಾಯಿಗೊಂದು ಮೊನೆ, ಅಷ್ಟೇ, ಅಪ್ಪ ಬಿಲ್ಲಿನ ಹಗ್ಗ ಎಳೆದು ಕಡೆಯುತ್ತಿದ್ದಾಗಲೂ ಎರಡು ಮೊನೆಯೇ ಇದ್ದದ್ದು, ಬಲಗೈಯಲ್ಲಿ ಬಿಲ್ಲು, ಎಡಗೈಯಲ್ಲಿ ಉಳಿ, ಉಳಿಗೆ ದಾರಿ ತೋರಿಸಲು ಕಾಲಿನ ಹೆಬ್ಬೆರಳು — ಈಗ ಮೋಟಾರಿದೆ, ನಿಂತು ಕಡೆಯುತ್ತೇನೆ, ಆದರೂ ಈ ಕಾಲು ನೋಡು, ಚಪ್ಪಲಿಯೊಳಗೆ ಹೆಬ್ಬೆರಳು ಉಳಿ ಹುಡುಕುತ್ತಿದೆ, ಸುಮ್ಮನಿರು ಮುದುಕ. ಆಕ್ರೋಟಿನ ಮರದ ಸುರುಳಿ ಬೆರಳ ಮೇಲೆ ಬಿಸಿಬಿಸಿಯಾಗಿ ಬೀಳುತ್ತದೆ, ಹಿಟ್ಟಿನ ವಾಸನೆ, ಇದೇನು ಮರದಲ್ಲಿ ಹಿಟ್ಟಿನ ವಾಸನೆ ಅಂದರೆ, ಇರದೆ ಏನು, ಯಮ್ನಾ ಹುಡುಗಿಯಾಗಿದ್ದಾಗಿನಿಂದ ನಾದಿದ ರೊಟ್ಟಿಗಳನ್ನು ಈ ಹಲಗೆಯ ಮೇಲಿಟ್ಟು, ತಲೆಯ ಮೇಲೆ ಹೊತ್ತು ಕೇರಿಯ ಒಲೆಗೆ ಒಯ್ದವಳು, ಒಲೆ ಮುಚ್ಚಿತು, ಹಲಗೆ ತಂದು ನನ್ನ ಮುಂದೆ ಇಟ್ಟಳು, ಪೆನ್ನು ಇದ್ರಲ್ಲೇ ಮಾಡಿಕೊಡಿ, ಗುರುತು ಹೋಗ್ಬಾರ್ದು.

ಗುರುತು. ಯಾರ ಮನೆ ಹಲಗೆಯೆಂದು ಒಲೆಯವನಿಗೆ ತಿಳಿಯಲೆಂದು ಅವಳ ಅಮ್ಮ ಕಾದ ಮೊಳೆಯಿಂದ ಸುಟ್ಟ ಕಪ್ಪು ಚುಕ್ಕೆ. ನಿನ್ನೆಯ ಕುಂಟು ಪೆನ್ನಿಗೆ ಹಲಗೆಯ ನಡುವಿನ ತುಂಡು ಹೋಯಿತು, ಹೋಗಲಿ, ಚುಕ್ಕೆ ಇರುವುದು ಈ ಒಂದೇ ತುಂಡಿನಲ್ಲಿ, ಮೊಳೆ ಎಷ್ಟು ಆಳ ಇಳಿದಿದೆಯೋ ಯಾರಿಗೆ ಗೊತ್ತು, ಒಂದು ಪದರ ತೆಗೆದರೆ ಚುಕ್ಕೆ ಚಿಕ್ಕದಾಗುತ್ತದೆ, ಇನ್ನೊಂದು ತೆಗೆದರೆ ಇನ್ನೂ ಚಿಕ್ಕದು, ಮೋಟಾರು ನಿಲ್ಲಿಸಿ ಮೊನೆಗಳಿಂದ ಬಿಡಿಸಿ ಬೆಳಕಿಗೆ ಹಿಡಿಯುತ್ತೇನೆ, ಇದೆ, ಎಳ್ಳಿನಷ್ಟು ಇದೆ, ಮತ್ತೆ ಮೊನೆಗೆ ಕೂರಿಸಿದರೆ ಬಿಟ್ಟಲ್ಲೇ ಬಂದು ಕೂರುತ್ತದೆ, ಸರಳಿನಲ್ಲಾದರೆ ಕೂರುತ್ತಿರಲಿಲ್ಲ. ಆದರೆ ದಪ್ಪ ಉಳಿದಿದೆ. ಅಂಗಡಿಯ ಪೆನ್ನು ಸಣ್ಣ, ಇದು ಅದರ ಒಂದೂವರೆ ಪಟ್ಟು, ಇನ್ನೊಂದು ಪದರ ತೆಗೆಯಲೇ, ಕೈ ಮುಂದೆ ಹೋಯಿತು — ತಡಿ. ಮಸೀದಿಯ ಅಕ್ಷರದ ತರಗತಿಯಲ್ಲಿ ಅವಳು ಪ್ಲಾಸ್ಟಿಕ್ ಪೆನ್ನು ಹಿಡಿದದ್ದು ಕಿಟಕಿಯಿಂದ ಕಂಡಿದ್ದೆ, ಕದ್ದು ನೋಡಿದ್ದೆ, ಇರಲಿ, ನಾದಿ ನಾದಿ ಸೆಟೆದ ಬೆರಳು, ಪೆನ್ನು ಜಾರಿ ಜಾರಿ ಬೀಳುತ್ತಿತ್ತು, ಕೊನೆಗೆ ಕುಟ್ಟಾಣಿ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದು ನಾಲಿಗೆ ಹೊರಗೆ ಹಾಕಿ ಹೆಸರು ಬರೆದಳು, ಅವತ್ತೇ ನನಗೆ ಇವಳು ಬೇಕು ಅನ್ನಿಸಿದ್ದು. ಅವಳಿಗೆ ಸಣ್ಣ ಪೆನ್ನು ಯಾಕೆ ಬೇಕು ದಡ್ಡ, ಉಳಿ ಕೆಳಗಿಡು. ಇಟ್ಟೆ. ಉಪ್ಪುಕಾಗದ, ಎಣ್ಣೆ, ಚಿಂದಿ ಬಟ್ಟೆ, ಬರೆಯುವ ನಿಬ್ಬು ಒತ್ತಿ ಕೂರಿಸಿದೆ, ಮುಗಿಯಿತು, ಎಷ್ಟು ಹಾಯಾಗಿದೆ ಎದೆ.

ಅಪ್ಪಾ, ಜೆಲ್ಲಾಬಾ ಹಾಕ್ಕೊಳ್ಳಿ, ಅದೂಲರು ಬಂದು ಕೂತಿದಾರೆ, ಮದುಮಗಾನೇ ನಾಪತ್ತೆ, ರಕಿಯಾಳ ಕೂಗು, ಬಂದೆ, ಗಡ್ಡದ ಹೊಟ್ಟು ಕೊಡವಿಕೊಳ್ಳುತ್ತಾ ಅಂಗಳ ದಾಟುತ್ತೇನೆ, ಯಮ್ನಾ ಹಸಿರು ಕಫ್ತಾನಿನಲ್ಲಿ, ಕಣ್ಣು ನನ್ನ ಮೇಲಲ್ಲ, ನನ್ನ ಕೈಯ ಪೆನ್ನಿನ ಮೇಲೆ, ತಟ್ಟೆಯಿಂದ ಲೋಟಗಳನ್ನೆಲ್ಲ ಅವಳೇ ಎತ್ತಿ ಪಕ್ಕಕ್ಕಿಟ್ಟಳು, ಅದೂಲರು ಪಿಳಿಪಿಳಿ ನೋಡುತ್ತಾರೆ, ನೋಡಲಿ, ಪೆನ್ನು ತೆಗೆದುಕೊಂಡು ತಟ್ಟೆಯ ಮೇಲೆ ಉರುಳಿಸಿದಳು. ಚುಕ್ಕೆ ಮೇಲೆ ಬಂತು, ಕೆಳಗೆ ಹೋಯಿತು, ಮೇಲೆ ಬಂತು, ಕೆಳಗೆ, ತೂಗಲಿಲ್ಲ, ತಟ್ಟೆಯ ಅಂಚಿನವರೆಗೂ ಹೋಯಿತು, ಅಲ್ಲಿ ಹಿಡಿದಳು. ಕುಂಟಲ್ಲ, ಅಂದಳು. ಕಿರಿಯ ಅದೂಲರು ಮಸಿಯ ದಿಂಬು ಮುಂದೆ ತಳ್ಳಿದರು, ಹೆಬ್ಬೆಟ್ಟು ಒತ್ತಿ ತಾಯಿ — ಮೊದಲ ಮದುವೆಯಲ್ಲಿ ಅವಳಪ್ಪ ಆ ಹೆಬ್ಬೆರಳನ್ನು ಹಿಡಿದು ಒತ್ತಿಸಿದ್ದನಂತೆ, ನೀನೇನು ಹೇಳುತ್ತೀ ಎಂದು ಯಾರೂ ಕೇಳಲಿಲ್ಲವಂತೆ, ನಿಂಬೆಹಣ್ಣು ತಿಕ್ಕಿದರೂ ನೀಲಿ ಹೋಗಲಿಲ್ಲವಂತೆ. ಅವಳು ದಿಂಬನ್ನು ಹಿಂದಕ್ಕೆ ಸರಿಸಿದಳು. ಬೇಡ, ನಾನೇ ಬರೀತೀನಿ. ಮುಷ್ಟಿಯಲ್ಲಿ ಪೆನ್ನು, ನಾಲಿಗೆಯ ತುದಿ ಹೊರಗೆ, ಅಮ್ಮ ಸುಟ್ಟ ಚುಕ್ಕೆಯ ಮೇಲೆ ಹೆಬ್ಬೆರಳು, ಹೆಬ್ಬೆರಳ ಕೆಳಗೆ ಚುಕ್ಕೆ, ಅವಳಪ್ಪ ಹಿಡಿದು ಒತ್ತಿಸಿದ್ದ ಆ ಹೆಬ್ಬೆರಳು, ಈಗ ತಾನೇ ಹೆಸರು ಬರೆಯುತ್ತಾ —