ಎಡಗಡೆ ಬಾಕಿ

ನನ್ನ ಅಂಗಡಿಗೂ ಅಣ್ಣನ ಅಂಗಡಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಮೊದಲು ಅದು ಒಂದೇ ಸಲೂನು, ಅಪ್ಪ ಶುರು ಮಾಡಿದ್ದು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರಲ್ಲ, ನಾವು ದಾಯಾದಿಗಳಾದದ್ದು ಬೆಳೆಯುತ್ತಾ ಅಲ್ಲ, ತಲೆ ನರೆತ ಮೇಲೆ. ಆರು ವರ್ಷದಿಂದ ಅವನೊಂದಿಗೆ ನಾನು ಮಾತಾಡಿಲ್ಲ, ಅವನೂ ಆಡಿಸಿಲ್ಲ. ಆದರೆ ಹಲಗೆಯ ಆಚೆಯಿಂದ ಅವನ ಕತ್ತರಿ ಕೇಳುತ್ತಿತ್ತು. ಕೂದಲು ಕತ್ತರಿಸಿದ ಮೇಲೆ ಗಾಳಿಯಲ್ಲಿ ಸುಮ್ಮನೆ ಟಕ್ ಟಕ್ ಎನ್ನಿಸುವುದು ಅಪ್ಪ ಹಾಕಿಕೊಟ್ಟ ಅಭ್ಯಾಸ. ನನ್ನದೂ ಅದೇ. ಮಾತು ಬಿಟ್ಟರೂ ನಾವು ದಿನವಿಡೀ ಹಲಗೆಯ ಎರಡು ಕಡೆ ಟಕ್ ಟಕ್ ಎನ್ನುತ್ತಲೇ ಇದ್ದೆವು.

ಜಗಳ ಹುಟ್ಟಿದ್ದು ಕಾರಿನಿಂದ. ಅಪ್ಪ ಒಬ್ಬ ಮುದಿ ಡಾಕ್ಟರಿಗೆ ವರ್ಷಾನುಗಟ್ಟಲೆ ಮನೆಗೇ ಹೋಗಿ ಕ್ಷೌರ ಮಾಡಿದ್ದ. ಅವರು ಊರು ಬಿಡುವಾಗ ತಮ್ಮ ದುಂಡು ಮೂತಿಯ ಕಾರನ್ನು ಅಪ್ಪನಿಗೆ ಕೊಟ್ಟು ಹೋದರು. ನಾವಿಬ್ಬರೂ ಆಗ ಚಿಕ್ಕವರು. ಅದರ ಡ್ರೈವರ್ ಬಾಗಿಲಿಗೆ ಸಿಕ್ಕೇ ಅಣ್ಣನ ಎಡಗೈ ಕಿರುಬೆರಳು ಸೊಟ್ಟಗಾದದ್ದು. ಆಮೇಲೆ ಅದು ನೆಟ್ಟಗಾಗಲೇ ಇಲ್ಲ. ಅಪ್ಪ ಹೋದ ಮೇಲೆ ಕಾರು ನನ್ನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಾ ಕೂತಿತು.

ನನ್ನ ತಲೆಯನ್ನು ಯಾವಾಗಲೂ ಅಣ್ಣನೇ ಕತ್ತರಿಸುತ್ತಿದ್ದ, ಅವನದನ್ನು ನಾನು. ಕ್ಷೌರಿಕನಾದವನು ತನ್ನ ಕತ್ತನ್ನು ಇನ್ಯಾರ ಕೈಗೆ ಕೊಡುತ್ತಾನೆ? ಹಾಗೆ ಒಂದು ದಿನ ಕುರ್ಚಿಯಲ್ಲಿ ಕೂತಿದ್ದಾಗ, ಕಾರನ್ನು ನಾನೇ ಸರಿಮಾಡಿ, ನಾನೇ ಬಣ್ಣ ಹೊಡೆಯುತ್ತೇನೆ ಎಂದೆ. ಗಿರಾಕಿಗಳ ಎದುರಿಗೇ ಅವನು ನಕ್ಕ.

"ಆ ಗುಜರಿನಾ? ನಿನ್ ಕೈಲಿ ಆಗೋ ಕೆಲ್ಸಾನಾ ಅದು? ತೂಕಕ್ಕೆ ಹಾಕು, ಜಾಗನಾದ್ರೂ ಉಳಿಯುತ್ತೆ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕತ್ತಿನ ಬಟ್ಟೆಯನ್ನೂ ಬಿಚ್ಚದೆ ಎದ್ದು ಬಂದೆ. ಬಲಗಡೆ ಮುಗಿದಿತ್ತು, ಎಡಗಡೆ ಬಾಕಿ ಇತ್ತು. ಅರ್ಧ ತಲೆಯಲ್ಲಿ ಬೀದಿ ಉದ್ದಕ್ಕೂ ನಡೆದೆ, ನಕ್ಕವರು ನಗಲಿ ಅಂತ. ಮರುದಿನವೇ ಬಡಗಿಯನ್ನು ಕರೆಸಿ ಪ್ಲೈವುಡ್ ಹೊಡೆಸಿದೆ. ಪಾಲಾಗುವಾಗ ಅಪ್ಪನ ಹಿಡಿಕೆ ಕನ್ನಡಿ, ಗಿರಾಕಿಗೆ ಕತ್ತಿನ ಹಿಂಭಾಗ ತೋರಿಸುತ್ತೇವಲ್ಲ ಅದು, ಅಣ್ಣನ ಕಡೆಗೆ ಹೋಯಿತು. ಅಲ್ಲಿಂದ ನನ್ನ ತಲೆಗೆ ನಾನೇ ಗತಿ. ಗೋಡೆಯ ಕನ್ನಡಿಗೆ ಬೆನ್ನು ಮಾಡಿ, ಮೂರು ಬೆರಳಗಲದ ಚಿಕ್ಕ ಕನ್ನಡಿ ಹಿಡಿದು, ಕತ್ತಿನ ಹಿಂದೆ ಅಂದಾಜಿನ ಮೇಲೆ ಕತ್ತರಿ ಆಡಿಸುತ್ತೇನೆ. ಊರಿಗೆಲ್ಲ ಅಂದದ ತಲೆ ಕೊಡುವವನ ಕತ್ತು ಇಲಿ ಕಡಿದ ಹಾಗಿರುತ್ತದೆ.

ಮದುವೆಯಾಗಲಿಲ್ಲ ನಾನು. ಒಬ್ಬನಿಗೆ ಒಲೆ ಹಚ್ಚಿ, ಒಬ್ಬನಿಗೆ ತಟ್ಟೆ ಇಟ್ಟು, ಆಮೇಲೆ ಶೆಡ್ಡಿಗೆ ಹೋಗಿ ಕಾರಿನ ತುಕ್ಕು ಕೆರೆಯುವುದು. ಮೆಕ್ಯಾನಿಕ್ಕೊಬ್ಬ ಇಂಜಿನ್ ಸರಿಮಾಡಿಕೊಟ್ಟ. ಮೈಯ ಕೆಲಸವೆಲ್ಲ ನನ್ನದೇ. ತೂತುಗಳಿಗೆ ತಗಡು ಹಾಕಿಸಿ, ತಗ್ಗುಗಳಿಗೆ ಪುಟ್ಟಿ ಮೆತ್ತಿ, ಉಜ್ಜಿ, ಮತ್ತೆ ಮೆತ್ತಿ. ಅವಸರವೇನಿತ್ತು? ನೋಡುವವರು ಯಾರಿದ್ದರು?

ಅವಸರ ಹುಟ್ಟಿಸಿದವನು ಊರವರು ರೇಡಿಯೊ ಎಂದು ಕರೆಯುವ ಗಿರಾಕಿ. ನಿವೃತ್ತ ಪೋಸ್ಟ್‌ಮ್ಯಾನ್ ಅವನು. ಕಟಿಂಗ್ ನನ್ನಲ್ಲಿ, ಶೇವಿಂಗ್ ಅಣ್ಣನಲ್ಲಿ, ಸುದ್ದಿ ಇಬ್ಬರಿಗೂ. ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂತವನೇ ಬಿತ್ತರಿಸಿದ.

"ನಿಮ್ಮಣ್ಣ ಅಂಗಡಿ ಮುಚ್ತಾರಂತಲ್ಲ. ಇನ್ಮೇಲೆ ಮಗಳ ಊರಲ್ಲೇ ಇರೋದಂತೆ, ಗಂಡ ಹೆಂಡತಿ ಇಬ್ಬರೂ. ತಿಂಗಳ ಕೊನೆ ಭಾನುವಾರ ಹೊರಡ್ತಾರೆ."

"ಹೊರಡಲಿ. ಕಾಲು ಹಿಡ್ಕೊಂಡು ತಡೆದೋರು ಯಾರು?" ಎಂದೆ. ಹಾಗೆನ್ನುವಾಗ ಕತ್ತರಿ ಜಾರಿ ಅವನ ಮೀಸೆಯ ಒಂದು ತುದಿ ಹೋಯಿತು. ಸಮ ಮಾಡಲು ಹೋಗಿ ಇನ್ನೊಂದು ತುದಿಯನ್ನೂ ತೆಗೆಯಬೇಕಾಯಿತು. ರೇಡಿಯೊ ಅಂದು ಮಾತಿಲ್ಲದೆ ಎದ್ದು ಹೋದ.

ಅಂದೇ ನಿಶ್ಚಯಿಸಿದೆ. ಭಾನುವಾರ ಬೆಳಿಗ್ಗೆ ಕಾರು ಅಣ್ಣನ ಮನೆ ಮುಂದೆ ನಿಂತಿರಬೇಕು, ಬಣ್ಣ ಮುಗಿದು, ಹೊಳೆಯುತ್ತಾ. ನಾನು ಬಾಗಿಲು ತೆಗೆದು "ಹತ್ತು" ಎನ್ನಬೇಕು. ಅಷ್ಟೇ. ಅಣ್ಣ ಅತ್ತಿಗೆ ಇಬ್ಬರನ್ನೂ ಸ್ಟೇಷನ್ನಿಗೆ ಬಿಡಬೇಕು. ದಾರಿಯಲ್ಲಿ ಮಾತು ಬಂದರೆ ಬರಲಿ, ಬಾರದಿದ್ದರೆ ಬೇಡ. ಬರಿಗೈಯಲ್ಲಿ ಹೋಗಿ ಅವನೆದುರು ನಿಲ್ಲಲು ನನ್ನ ಕೈಲಾಗುತ್ತಿರಲಿಲ್ಲ. ನಿಲ್ಲಲು ನನಗೆ ಕಾರು ಬೇಕಿತ್ತು.

ಪ್ರೈಮರ್ ಹೊಡೆದು, ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜುವುದು ನನಗೆ ಹೊಸದೇನಲ್ಲ. ಗಲ್ಲದ ಕೆಲಸವೇ ಅದು. ಉಜ್ಜಿ, ಒರೆಸಿ, ಅಂಗೈ ಆಡಿಸಿ ನೋಡಬೇಕು, ಎಲ್ಲಿ ತಡೆಯುತ್ತದೋ ಅಲ್ಲಿ ಇನ್ನೊಮ್ಮೆ. ಬೂದುಬಣ್ಣದ ಮೈ ನುಣ್ಣಗಾದ ಮೇಲೆ ಬಾಡಿಗೆಗೆ ಸ್ಪ್ರೇ ಗನ್ನು, ಕಂಪ್ರೆಸರ್ ತಂದು ಕಡುನೀಲಿ ಹೊಡೆದೆ. ಹೊಡೆದು ಹಿಂದೆ ಸರಿದು ನಿಲ್ಲುತ್ತಿದ್ದ ಹಾಗೇ ಬಣ್ಣ ಅಲ್ಲಲ್ಲಿ ಬಿರಿಯತೊಡಗಿತು. ದುಂಡು ದುಂಡಗೆ ಹಿಂದೆ ಸರಿದು ಕೆಳಗಿನ ಬೂದು ಇಣುಕಿತು. ಮೈಗೆಲ್ಲ ಸಿಡುಬು ಎದ್ದ ಹಾಗೆ. ಉಜ್ಜಿ ತೆಗೆದು ಮತ್ತೆ ಹೊಡೆದೆ. ಮತ್ತೆ ಅದೇ.

ಡಬ್ಬಿಯನ್ನೇ ಎತ್ತಿಕೊಂಡು ಬಣ್ಣದ ಅಂಗಡಿಗೆ ಹೋಗಿ ಕೌಂಟರಿನ ಮೇಲೆ ಕುಕ್ಕಿದೆ. ಕಲಬೆರಕೆ ಮಾರುತ್ತೀಯಾ ಎಂದು ಕೂಗಾಡಿದೆ. ಅಂಗಡಿಯವನು ತಣ್ಣಗಿನ ಆಸಾಮಿ. ಪೂರ್ತಿ ಕೇಳಿಸಿಕೊಂಡ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಿಮ್ ಕೈ ತೋರ್ಸಿ ಸಾರ್."

ತೋರಿಸಿದೆ. ಮೂಸಿ ನೋಡಿದ.

"ತಲೆಗೆ ಹಚ್ಚೋ ಎಣ್ಣೆ, ಕ್ರೀಮು, ಎಲ್ಲ ಇದೆ ಇಲ್ಲಿ. ನುಣ್ಣಗಾಯ್ತಾ ಅಂತ ಕಾರಿನ ಮೇಲೆ ಕೈ ಆಡಿಸಿದ್ರಾ?"

ಆಡಿಸದೆ? ನಲವತ್ತು ವರ್ಷದಿಂದ ಅದೇ ತಾನೇ ನಾನು ಮಾಡಿದ್ದು.

"ಎಣ್ಣೆ ಜಿಡ್ಡಿದ್ದ ಕಡೆ ಬಣ್ಣ ಕೂರಲ್ಲ ಸಾರ್, ಬಿಟ್ಕೊಳ್ಳುತ್ತೆ. ನೀವು ಮುಟ್ಟಿದ ಕಡೆಯೆಲ್ಲ ಸಿಡುಬು. ಗ್ಲೌಸ್ ಹಾಕಿ, ಥಿನ್ನರಲ್ಲಿ ಒರೆಸಿ. ಒರೆಸಿದ್ಮೇಲೆ ದೇವ್ರು ಬಂದ್ರೂ ಮುಟ್ಟೋಕೆ ಬಿಡಬೇಡಿ. ಧೂಳೂ ಅಷ್ಟೇ. ಬಾಗ್ಲು ಹಾಕ್ಕೊಂಡು ಹೊಡೀರಿ."

ನಾಚಿಕೆಯಾಯಿತು. ಡಬ್ಬಿ ಎತ್ತಿಕೊಂಡು ಬಂದೆ. ಬಂದು ಮತ್ತೆ ಮೊದಲಿನಿಂದ ಉಜ್ಜಿದೆ.

ಆ ವಾರ ಅಣ್ಣ ಅಂಗಡಿ ಖಾಲಿ ಮಾಡಿದ. ಹಲಗೆಯ ಆಚೆ ಕುರ್ಚಿ ಎಳೆದ ಸದ್ದು ಒಂದು ಸಲ ಕೇಳಿಸಿತು, ಆಮೇಲೆ ಏನೂ ಇಲ್ಲ. ಗಿರಾಕಿಯ ತಲೆ ಮುಗಿಸಿ ನಾನು ಟಕ್ ಟಕ್ ಎನ್ನಿಸಿದರೆ ಆಚೆಯಿಂದ ಉತ್ತರವಿರಲಿಲ್ಲ. ಜಗಳವಾಡಿದ ದಿನವೂ ನನಗೆ ಅಷ್ಟು ಒಂಟಿಯೆನಿಸಿರಲಿಲ್ಲ. ಎರಡನೆಯ ದಿನವೇ ಅಂಗಡಿಗೆ ಬಾಗಿಲು ಹಾಕಿ ಶೆಡ್ಡು ಸೇರಿದೆ. ಅಲ್ಲಿಯೂ ಮೌನವೇ, ಆದರೆ ಅದು ಅಭ್ಯಾಸವಾದ ಮೌನ.

ಶನಿವಾರ ಬೆಳಿಗ್ಗೆ ಎಲ್ಲ ಸಿದ್ಧವಾಯಿತು. ಗಾಜಿಗೆಲ್ಲ ಹಳೇ ಪೇಪರ್ ಅಂಟಿಸಿದೆ. ಗ್ಲೌಸ್ ಹಾಕಿಕೊಂಡು ಕಾರಿನ ಮೈಯನ್ನು ಥಿನ್ನರಿನಲ್ಲಿ ಮೂಲೆ ಮೂಲೆ ಬಿಡದೆ ಒರೆಸಿದೆ. ಬಣ್ಣ ಸೋಸುವ ಜಾಲರಿ ಹರಿದಿದ್ದು ಆಗ ಕಣ್ಣಿಗೆ ಬಿತ್ತು. ಶೆಡ್ಡಿನ ಬಾಗಿಲು ಮುಂದೆ ಮಾಡಿ ಬಣ್ಣದ ಅಂಗಡಿಗೆ ಓಡಿದೆ, ಜಾಲರಿ ತಂದೆ. ಬಂದವನು ಒಳಗಿನಿಂದ ಚಿಲಕ ಹಾಕಿ, ಧೂಳು ಏಳದಿರಲೆಂದು ನೆಲಕ್ಕೆ ನೀರು ಚಿಮುಕಿಸಿ, ಕಂಪ್ರೆಸರ್ ಹಚ್ಚಿದೆ.

ಕಾರಿನ ಚಾವಣಿ, ಬಾನೆಟ್ಟು, ಎಡಗಡೆ. ಬಣ್ಣ ಕೂರುತ್ತಿತ್ತು. ಒಂದು ಚುಕ್ಕೆಯೂ ಇರಲಿಲ್ಲ. ಅಪ್ಪ ಇದ್ದಿದ್ದರೆ ನೋಡುತ್ತಿದ್ದ ಎಂದುಕೊಂಡೆ. ಹಿಂಭಾಗಕ್ಕೆ ಬರುವಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಸುಮ್ಮನಿದ್ದೆ. ಮತ್ತೆ ತಟ್ಟಿದರು. ಹೆಸರು ಹಿಡಿದು ಕೂಗುವುದಿಲ್ಲ, ಏನಿಲ್ಲ, ಬರೀ ತಟ್ಟುವುದು.

"ಯಾರೇ ಆಗ್ಲಿ, ಬ್ರಹ್ಮ ಬಂದ್ರೂ ಇವತ್ತು ಬಾಗ್ಲು ತೆಗೆಯಲ್ಲ. ಧೂಳು ಬರುತ್ತೆ. ಹೋಗಿ ಅತ್ಲಾಗೆ," ಎಂದು ಗಂಟಲು ಹರಿಯುವ ಹಾಗೆ ಕಿರುಚಿದೆ.

ತಟ್ಟುವುದು ನಿಂತಿತು. ನಾನು ಬೈದುಕೊಳ್ಳುತ್ತಲೇ ಬಲಗಡೆಗೆ ಬಂದೆ. ಕೊನೆಯದು ಡ್ರೈವರ್ ಬಾಗಿಲು. ಮೇಲಿನಿಂದ ಕೆಳಕ್ಕೆ ಸಮವಾಗಿ ಹೊಡೆದು, ಗನ್ ಕೆಳಗಿಟ್ಟು, ಕಂಪ್ರೆಸರ್ ಆರಿಸಿ, ನಿಟ್ಟುಸಿರು ಬಿಟ್ಟೆ. ನೋಡುತ್ತಿದ್ದಂತೆ ಬಾಗಿಲಿನ ನಡುವೆ ಬಣ್ಣ ಬಿಟ್ಟುಕೊಳ್ಳತೊಡಗಿತು.

ಮೊದಲು ಅಂಗೈ. ಆಮೇಲೆ ಬೆರಳುಗಳು, ಒಂದೊಂದಾಗಿ. ನೀಲಿ ಹಿಂದೆ ಸರಿದು ಬೂದುಬಣ್ಣದ ಒಂದು ಎಡಗೈ ಎದ್ದು ಬಂತು. ಹೆಬ್ಬೆರಳು ಮತ್ತು ಮೂರು ಬೆರಳು ನೆಟ್ಟಗಿದ್ದವು. ಕಿರುಬೆರಳು ಸೊಟ್ಟಗಿತ್ತು.

ನಾನು ಜಾಲರಿ ತರಲು ಹೋಗಿದ್ದಾಗ ಅವನು ಬಂದಿದ್ದ. ತನ್ನ ಬೆರಳನ್ನು ಸೊಟ್ಟ ಮಾಡಿದ ಆ ಬಾಗಿಲಿನ ಮೇಲೆ, ಅವನೂ ಕ್ಷೌರಿಕನಲ್ಲವೇ, ನುಣ್ಣಗಿದೆಯೇ ಎಂದು ಕೈ ಆಡಿಸಿದ್ದ. ನಾನು ಸಿಗದೆ ಹೋಗಿ, ಮತ್ತೆ ಬಂದು ತಟ್ಟಿದ್ದ. ಆರು ವರ್ಷದ ಮೇಲೆ ಬಾಗಿಲಿಗೆ ಬಂದ ಅಣ್ಣನಿಗೆ ಅತ್ಲಾಗೆ ಹೋಗು ಅಂದಿದ್ದೆ ನಾನು.

ಚಿಲಕ ತೆಗೆದು ಓಡಿದೆ. ಓಣಿ ಖಾಲಿ ಇತ್ತು. ವಾಪಸ್ಸು ಬಂದು ಶೆಡ್ಡಿನ ದೊಡ್ಡ ಬಾಗಿಲನ್ನು ಪೂರ್ತಿ ತೆರೆದೆ. ಗಾಳಿ, ಧೂಳು, ಒಣಗಿದ ಎಲೆ ಎಲ್ಲ ಒಳಗೆ ನುಗ್ಗಿತು, ನುಗ್ಗಲಿ. ಮುಂದಿನ ಗಾಜಿನ ಪೇಪರನ್ನು ಕಿತ್ತೆಸೆದೆ. ಆ ಕೈ ಅಳಿಸಬಾರದೆಂದು ಎಡಗಡೆಯ ಬಾಗಿಲಿನಿಂದ ಹತ್ತಿ, ಸೀಟಿನ ಮೇಲೆ ತೆವಳಿಕೊಂಡು ಸ್ಟೇರಿಂಗಿಗೆ ಬಂದೆ. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು.

ಅಗೆದು ಹಾಕಿದ ರಸ್ತೆ. ಮುಂದೆ ಒಂದು ಜಲ್ಲಿ ಲಾರಿ. ಅದು ಎಬ್ಬಿಸಿದ ಧೂಳೆಲ್ಲ ನನ್ನ ಹಸಿ ಬಣ್ಣದ ಮೇಲೆ. ಕಿಟಕಿಗಳಲ್ಲಿ ಪೇಪರ್ ಪಟಪಟ ಹಾರುತ್ತಿತ್ತು. ಜನ ನಿಂತು ನೋಡಿದರು. ಅರ್ಧ ತಲೆಯಲ್ಲಿ ನಡೆದದ್ದೂ ಇದೇ ಬೀದಿಯಲ್ಲಿ. ಆ ದಿನ ಅಣ್ಣನಿಂದ ದೂರ ಹೋಗುತ್ತಿದ್ದೆ.

ಅಣ್ಣನ ಮನೆಗೆ ಬೀಗ. ಕಿಟಕಿಯಲ್ಲಿ ಪರದೆಯೂ ಇರಲಿಲ್ಲ. ಹಾರ್ನ್ ಕೇಳಿ ಎದುರುಮನೆ ಅಜ್ಜಿ ಹೊರಗೆ ಬಂದಳು.

"ಈಗ ಬಂದ್ಯೇನಪ್ಪಾ? ಅವರು ಹೊರಟುಹೋದ್ರಲ್ಲ. ನಾಳೆ ಅಂತಿತ್ತು, ಅಳಿಯನಿಗೆ ನಾಳೆ ಪುರಸೊತ್ತಿಲ್ಲ ಅಂತ ಇವತ್ತೇ ಬಂದು ಕರ್ಕೊಂಡ್ಹೋದ. ನಿಮ್ಮಣ್ಣ ಎರಡು ಸಲ ನಿಮ್ ಮನೆ ಕಡೆ ಹೋಗಿದ್ರಲ್ಲ, ಸಿಗ್ಲಿಲ್ವಾ?"

"ಸಿಕ್ಕಿದ್ರು," ಎಂದೆ. "ಬಾಗ್ಲು ತೆಗೀಲಿಲ್ಲ ನಾನು."

"ಕೆಲಸದಲ್ಲಿದ್ದಾನೆ, ಮಧ್ಯೆ ತೆಗೆದ್ರೆ ಧೂಳು ಕೂರುತ್ತೆ ಅಂತ ಅವ್ರೇ ಅಂದ್ರು ಬಿಡು. ಕಾರು ನೋಡಿದ್ರಂತೆ. ಕೈಗೆ ಒಂದು ಗೆರೆನೂ ತಗಲ್ಲಿಲ್ಲ, ನಮ್ಮಪ್ಪ ಕ್ಷೌರ ಮಾಡಿದ ಗಲ್ಲದ ಹಾಗಿದೆ ಅಂತ ನಿಮ್ಮತ್ತಿಗೆ ಹತ್ರ ಹೇಳ್ತಾ ಇದ್ರು. ತಡಿ, ಏನೋ ಕೊಟ್ಟುಹೋಗಿದ್ದಾರೆ."

ಒಳಗೆ ಹೋಗಿ ಟವೆಲ್ಲಿನಲ್ಲಿ ಸುತ್ತಿದ ಗಂಟು ತಂದಳು. ಬಿಚ್ಚಿದೆ. ಅಪ್ಪನ ಹಿಡಿಕೆ ಕನ್ನಡಿ.

"ಇದನ್ನ ಕೊಟ್ಟು, ಎಡಗಡೆ ಇನ್ನೂ ಬಾಕಿ ಇದೆ ಅಂತ ಹೇಳಿ ಅಂದ್ರಪ್ಪ. ಏನು ಬಾಕಿ ಅದು? ದುಡ್ಡಾ?"

"ಅಲ್ಲ ಅಜ್ಜಿ. ಕೂದಲು."

ಅಜ್ಜಿ ನನ್ನ ಮುಖ ನೋಡಿ ಒಳಗೆ ಹೋದಳು. ನಾನು ಮತ್ತೆ ಎಡಗಡೆಯಿಂದಲೇ ಹತ್ತಿ ಕಾರಿನಲ್ಲಿ ಕೂತೆ. ಫೋನ್ ಮಾಡಬಹುದಿತ್ತು, ಅವನ ನಂಬರು ನನಗೆ ಬಾಯಿಪಾಠ. ಮಾಡಿ ಏನು ಹೇಳುವುದು? ತಟ್ಟಿದ್ದು ನೀನು ಅಂತ ಗೊತ್ತಾಗಲಿಲ್ಲ ಕಣೋ ಅಂತಲೇ? ಅದನ್ನು ಮುಖ ನೋಡಿ ಹೇಳಬೇಕು. ಪಕ್ಕದ ಸೀಟು ಅವನಿಗೆಂದೇ ಹೊಸದಾಗಿ ಹೊಲಿಸಿದ್ದೆ. ಅದರ ಮೇಲೆ ನನ್ನ ಗ್ಲೌಸಿನ ನೀಲಿ ಮೆತ್ತಿಕೊಂಡಿತ್ತು. ಅಳು ಬಂತು, ತಡೆಯಲಿಲ್ಲ. ಬೀದಿಯಲ್ಲಿ ಯಾರೂ ಇರಲಿಲ್ಲ.

ಆಮೇಲೆ ಗ್ಲೌಸ್ ಬಿಚ್ಚಿ, ಕಾರಿನ ಕನ್ನಡಿಯನ್ನು ನನ್ನ ಕಡೆ ತಿರುಗಿಸಿಕೊಂಡೆ. ಅಪ್ಪನ ಕನ್ನಡಿಯನ್ನು ಕತ್ತಿನ ಹಿಂದೆ ಹಿಡಿದೆ. ಆರು ವರ್ಷದಲ್ಲಿ ಮೊದಲ ಸಲ ನನ್ನ ಕತ್ತು ಪೂರ್ತಿ ಕಂಡಿತು. ದಿನಾ ಬೆಳಿಗ್ಗೆ ನಾನು ಅಂಗಡಿಯ ಷಟರ್ ಎತ್ತುವಾಗ ಹಿಂದಿನಿಂದ ಅಣ್ಣನಿಗೆ ಕಾಣುತ್ತಿದ್ದದ್ದು ಇದೇ. ಅವನು ಹೇಳಿದ್ದು ಸರಿಯಾಗಿತ್ತು. ಎಡಗಡೆ ಇನ್ನೂ ಉದ್ದವಿತ್ತು.