ಹಾರ್ನ್ ಕೇಳಿಸದ ದಾರಿ

ಬಾಡಿಗೆ ಕಾರಿನ ಕಚೇರಿಯಲ್ಲಿ ಪದ್ಮಾವತಿ ತಮ್ಮ ನೀಲಿ ಫೈಲನ್ನು ಮೇಜಿನ ಮೇಲೆ ಬಿಚ್ಚಿಟ್ಟಾಗ, ಎದುರಿಗಿದ್ದ ಹುಡುಗಿ ಕಂಪ್ಯೂಟರಿನಿಂದ ಕೈ ತೆಗೆದು ಸುಮ್ಮನೆ ನೋಡಿದಳು. ಮೈಸೂರಿನ ಆರ್‌ಟಿಒ ಕೊಟ್ಟ ಲೈಸೆನ್ಸು, ಅಂತರರಾಷ್ಟ್ರೀಯ ಪರ್ಮಿಟ್ಟು, ಪಾಸ್‌ಪೋರ್ಟು, ಮೂರಕ್ಕೂ ಎರಡೆರಡು ನಕಲು. ಜೊತೆಗೆ, ಲೈಸೆನ್ಸಿನಲ್ಲಿರುವ ‘ಪದ್ಮಾವತಿ ಕೆ. ಎಸ್.’ ಮತ್ತು ಪಾಸ್‌ಪೋರ್ಟಿನಲ್ಲಿರುವ ‘ಪದ್ಮಾವತಿ ಕಡಬ ಸುಬ್ಬರಾವ್’ ಇಬ್ಬರೂ ಒಬ್ಬರೇ ಎಂದು ನೋಟರಿಯ ಮುಂದೆ ಮಾಡಿಸಿದ ಅಫಿಡವಿಟ್ಟು. ಹುಡುಗಿ ಮೊದಲ ಮೂರನ್ನು ನೋಡಿ, ಉಳಿದದ್ದನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

“ಅಫಿಡವಿಟ್ಟು ಅವಳು ಓದಲೇ ಇಲ್ಲ,” ಎಂದರು ಪದ್ಮಾವತಿ ಬೇಸರದಿಂದ.

“ನಾನು ಮೂರು ಸಲ ಓದಿದೀನಲ್ಲ, ಅದನ್ನೇ ಲೆಕ್ಕಕ್ಕೆ ತಗೋ,” ಎಂದರು ಗಂಡ ವಾಸುದೇವ್.

ಹೊರಗೆ ನಿಂತಿದ್ದದ್ದು ಬಿಳಿಯ ಪುಟ್ಟ ಟೊಯೋಟಾ. ಪದ್ಮಾವತಿ ಅದರ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು ಇಪ್ಪತ್ತೆರಡು ಫೋಟೋ ತೆಗೆದರು. ಹಿಂದಿನ ಬಂಪರಿನ ಮೇಲೊಂದು ಗೀರು ಸಿಕ್ಕಿತು. ಕೈಚೀಲದಿಂದ ಆರಿಂಚಿನ ಸ್ಕೇಲು ತೆಗೆದು ಪಕ್ಕದಲ್ಲಿ ಹಿಡಿದು, ಅಳತೆ ಕಾಣುವಂತೆ ಇನ್ನೊಂದು ಫೋಟೋ ತೆಗೆದರು. ಮೂವತ್ತೊಂದು ವರ್ಷ ಮೈಸೂರಿನ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟವರು ಅಳತೆಯಿಲ್ಲದ ಚಿತ್ರವನ್ನು ಚಿತ್ರವೆಂದು ಒಪ್ಪುವುದಿಲ್ಲ.

ಮಗಳು ಕೃಪಾ ತನ್ನ ಕಾರಿಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದಳು. ಹ್ಯಾಮಿಲ್ಟನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಈ ಊರಿಗೆ ಬಂದು ಒಂಬತ್ತು ವರ್ಷ. ಮೈಸೂರಿನಿಂದ ಬಂದಿದ್ದ ಅಪ್ಪ ಅಮ್ಮ ಪೊರಿರುವಾ ಎಂಬ ದೂರದ ಊರಿಗೆ ಹೋಗಬೇಕೆಂದಾಗ ಅವಳು ಹೇಳಿದ್ದು ಬಸ್ಸು. ಐನೂರು ಕಿಲೋಮೀಟರು, ಗುಡ್ಡದ ದಾರಿ, ಅಮ್ಮನಿಗೆ ಐವತ್ತೊಂಬತ್ತು, ಅಪ್ಪ ಸ್ಕೂಟರ್ ಬಿಟ್ಟು ಬೇರೇನನ್ನೂ ಓಡಿಸಿದವರಲ್ಲ. ಆದರೆ ಅಷ್ಟರಲ್ಲಿ ಪದ್ಮಾವತಿ ಮಾತು ಕೊಟ್ಟಾಗಿತ್ತು. ಪೊರಿರುವಾದಲ್ಲಿದ್ದದ್ದು ಚಂದ್ರಿಕಾ, ಇಪ್ಪತ್ತೈದು ವರ್ಷದ ಹಿಂದೆ ಅವರ ತರಗತಿಯ ಮೊದಲ ಬೆಂಚಿನಲ್ಲಿ ಕೂರುತ್ತಿದ್ದವಳು, ಈಗ ಸೇತುವೆ ಕಟ್ಟುವ ಎಂಜಿನಿಯರು. “ಮ್ಯಾಮ್, ಬಸ್‌ಸ್ಟಾಪಿಗೆ ಬಂದು ಕರ್ಕೊಂಡು ಹೋಗ್ತೀನಿ,” ಎಂದು ಅವಳು ಫೋನಿನಲ್ಲಿ ಹೇಳಿದಾಗ ಪದ್ಮಾವತಿ ಒಂದು ಕ್ಷಣವೂ ಯೋಚಿಸಲಿಲ್ಲ. “ಬೇಡ ಕಣಮ್ಮ. ನಿನ್ನ ಮನೆ ಬಾಗಿಲಿಗೆ ನಾನೇ ಕಾರು ತಂದು ನಿಲ್ಲಿಸ್ತೀನಿ.” ಆ ಕಡೆ ಚಂದ್ರಿಕಾ ನಕ್ಕ ಸದ್ದು ಇನ್ನೂ ಅವರ ಕಿವಿಯಲ್ಲಿತ್ತು. ಅದು ಅಪಹಾಸ್ಯದ ನಗುವಲ್ಲ, ಹಿಗ್ಗಿನದು. ಅದಕ್ಕೇ ಅದನ್ನು ಸುಳ್ಳು ಮಾಡುವುದು ಅವರಿಂದ ಆಗದ ಕೆಲಸ.

ಕೊನೆಗೆ ತಾಯಿ ಮಗಳ ನಡುವೆ ಒಂದು ಕರಾರು ಆಯಿತು. ಶನಿವಾರ ಹ್ಯಾಮಿಲ್ಟನ್ನಿನಿಂದ ಕಡಲತೀರದ ರ‍್ಯಾಗ್ಲನ್ ಎಂಬ ಊರಿಗೆ ಹೋಗಿ ಬರುವುದು, ನಡುವೆ ಗುಡ್ಡ ಹತ್ತಿಳಿಯುವ ನಲವತ್ತೈದು ಕಿಲೋಮೀಟರು. ಸರಿಯಾಗಿ ಓಡಿಸಿದರೆ ಪೊರಿರುವಾಕ್ಕೆ ಕಾರು, ಇಲ್ಲವಾದರೆ ಅದೇ ಸಂಜೆ ಬಸ್ಸಿನ ಟಿಕೆಟ್ಟು.

“ನಾನು ಪಕ್ಕ ಕೂತ್ಕೋತೀನಿ,” ಎಂದಿದ್ದಳು ಕೃಪಾ.

“ಪರೀಕ್ಷೆ ಬರೆಯೋರ ಪಕ್ಕ ಕೂತು ಉತ್ತರ ಹೇಳ್ಕೊಡ್ತಾರೇನೇ? ಹಿಂದೆ ನಿನ್ನ ಕಾರಲ್ಲಿ ಬಾ.”

ಹಾಗಾಗಿ ಮುಂದೆ ಬಿಳಿ ಟೊಯೋಟಾ, ಹಿಂದೆ ಕೃಪಾಳ ಕೆಂಪು ಕಾರು ಹೊರಟವು. ಊರಂಚಿನ ವೃತ್ತದಲ್ಲಿ ಪದ್ಮಾವತಿ ಬಲಗಡೆಯಿಂದ ಬರುವವರಿಗೆ ದಾರಿ ಬಿಟ್ಟು, ಸಂದು ಸಿಕ್ಕಿದೊಡನೆ ನುಗ್ಗಿದರು. ಕೃಪಾಳಿಗೆ ಆ ಸಂದು ಸಿಗಲಿಲ್ಲ. ಅವಳು ವೃತ್ತ ದಾಟುವಷ್ಟರಲ್ಲಿ ನಡುವೆ ನಾಲ್ಕು ಗಾಡಿ ಸೇರಿಕೊಂಡಿದ್ದವು.

ಊರು ದಾಟಿತು. ಎರಡೂ ಕಡೆ ಹಸಿರು ದಿಣ್ಣೆಗಳು, ಬೇಲಿ, ಬೇಲಿಯಾಚೆ ಕಪ್ಪು ಬಿಳಿ ಹಸುಗಳು. ಪದ್ಮಾವತಿ ಬೆನ್ನು ನೇರ ಮಾಡಿ, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಸೂಜಿಯನ್ನು ಐವತ್ತರಲ್ಲಿ ನಿಲ್ಲಿಸಿದರು. ನೇರ ದಾರಿ ಬಂದಾಗ ಅರವತ್ತು. ಐವತ್ತನಾಲ್ಕನೇ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿ, ಎಂಟರ ಆಕಾರದ ಟ್ರ್ಯಾಕಿನಲ್ಲಿ ಮೊದಲ ಸಲಕ್ಕೇ ಪಾಸಾದವರು. ಆವತ್ತಿನಿಂದ ಇವತ್ತಿನವರೆಗೆ ಅವರ ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಹಿಂದಿನ ಸೀಟಿನಲ್ಲಿದ್ದ ವಾಸುದೇವ್ ಒಮ್ಮೆ ತಿರುಗಿ ನೋಡಿದರು. “ಪದ್ಮಾ, ಹಿಂದೆ ಮದುವೆ ದಿಬ್ಬಣ ಬಂದ ಹಾಗೆ ಬರ್ತಿದೆ ನೋಡೇ.”

“ಯಾರಾದ್ರೂ ಹಾರ್ನ್ ಹೊಡೆದ್ರಾ?”

“ಇಲ್ಲ.”

“ಹಾಗಾದ್ರೆ ಯಾರಿಗೂ ಅವಸರ ಇಲ್ಲ ಬಿಡಿ.”

ಹುಣಸೂರು ರಸ್ತೆಯಲ್ಲಿ ಓಡಿಸಿದವರಿಗೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. ಅಲ್ಲಿ ಹಾರ್ನ್ ಎಂದರೆ ಮಾತು. ನಾನು ಬಂದೆ, ಪಕ್ಕಕ್ಕೆ ಸರಿ, ಯಾಕೆ ನಿಂತೆ, ಸರಿ ಹೋಗು, ಎಲ್ಲಕ್ಕೂ ಅದೇ. ಸ್ವಲ್ಪ ನಿಧಾನವಾದರೂ ಹಿಂದಿನವನು ಕಿವಿ ಕಿತ್ತುಹೋಗುವಂತೆ ಒತ್ತುತ್ತಾನೆ. ಇಲ್ಲಿ ಹದಿನೈದು ಕಿಲೋಮೀಟರು ಕಳೆದರೂ ಒಂದು ಸದ್ದಿಲ್ಲ. ತಾವು ಓಡಿಸುತ್ತಿರುವ ರೀತಿ ಇಷ್ಟೊಂದು ನಿರ್ದೋಷವಾಗಿದೆಯೆಂದು ಪದ್ಮಾವತಿಗೇ ಆಶ್ಚರ್ಯವಾಯಿತು. ಎದೆ ಉಬ್ಬಿತು. ದಾರಿಯ ಎಡಕ್ಕೆ ಅಲ್ಲಲ್ಲಿ ರಸ್ತೆಯನ್ನು ಅಗಲಿಸಿ, ನಿಧಾನದ ವಾಹನಗಳು ಸರಿದುಕೊಳ್ಳಲಿ ಎಂದು ಫಲಕ ಹಾಕಿದ್ದರು. ಅಂಥವು ಮೂರು ಬಂದವು. ಟ್ರ್ಯಾಕ್ಟರಿನವರಿಗೆ ಎಷ್ಟು ಒಳ್ಳೆಯ ಅನುಕೂಲ ಮಾಡಿದ್ದಾರೆ ಎಂದುಕೊಂಡು ಮೂರನ್ನೂ ದಾಟಿಹೋದರು.

ರ‍್ಯಾಗ್ಲನ್ನಿನಲ್ಲಿ ನೀರಿನ ಅಂಚಿಗೆ ಕಾರು ನಿಲ್ಲಿಸಿ ಇಳಿದಾಗ, ಇಡೀ ದಾರಿ ಬೆನ್ನಿಗೇ ಬಂದಿದ್ದ ಯೂಟ್, ಹಿಂದೆ ತೆರೆದ ತೊಟ್ಟಿಯಿರುವ ಇಲ್ಲಿನ ರೈತರ ಗಾಡಿ, ಪಕ್ಕದಲ್ಲೇ ಬಂದು ನಿಂತಿತು. ತೊಟ್ಟಿಯಲ್ಲಿ ಒಂದು ನಾಯಿ. ಇಳಿದ ಮುದುಕ ಟೋಪಿ ಸರಿಮಾಡಿಕೊಂಡು ಅವರನ್ನೂ ಕಾರನ್ನೂ ನೋಡಿದ. ಹಳ್ಳಿಗಾಡಿನ ಸೊಬಗನ್ನೆಲ್ಲ ಚೆನ್ನಾಗಿ ನೋಡಿಕೊಂಡು ಬಂದಿರಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಹೌದು, ಬಹಳ ಸುಂದರವಾಗಿದೆ, ಎಂದರು ಪದ್ಮಾವತಿ. ಅವನು ತಲೆಯಾಡಿಸಿ, ನಾಯಿಯನ್ನು ಇಳಿಸಿಕೊಂಡು ಹೋದ.

“ಎಷ್ಟು ಮರ್ಯಾದಸ್ಥ ಜನ ನೋಡಿ,” ಎಂದರು ಗಂಡನಿಗೆ.

ಕೃಪಾ ಬಂದದ್ದು ಅದಾದ ಮೇಲೆ. ಕಾರಿನ ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿದಳು.

“ಅಪ್ಪ, ನಿಮ್ಮ ಫೋನೆಲ್ಲಿ?”

“ಡಿಕ್ಕಿಯಲ್ಲಿ, ಚೀಲದೊಳಗೆ. ಯಾಕೆ?”

“ಆರು ಸಲ ಮಾಡಿದೆ. ಅಮ್ಮ, ನಿನ್ನ ಹಿಂದೆ ಎಷ್ಟು ಗಾಡಿ ಇತ್ತು ಗೊತ್ತಾ? ಹದಿನೇಳು. ಹದಿನೇಳನೇದು ನಂದು.”

“ಐದನೇದಿತ್ತಲ್ಲ?”

“ನಾನು ಪೆಟ್ರೋಲಿಗೆ ನಿಂತೆ. ಹಾಕಿಸ್ಕೊಂಡು ಬಂದ್ರೂ ನೀವು ಸಿಕ್ಕಿದ್ರಿ.”

ವಾಸುದೇವ್ ನಗು ತಡೆಯಲು ಕಡಲಿನ ಕಡೆ ತಿರುಗಿದರು. ಪದ್ಮಾವತಿ ನಗಲಿಲ್ಲ. “ಯಾರೂ ಹಾರ್ನ್ ಹೊಡೀಲಿಲ್ಲ ಕೃಪಾ. ಒಬ್ಬರೂ.”

“ಇಲ್ಲಿ ಹೊಡೆಯಲ್ಲ ಅಮ್ಮ. ಹೊಡೆದ್ರೆ ಬೈದ ಹಾಗೆ. ಹಲ್ಲು ಕಚ್ಕೊಂಡು ಹಿಂದೆ ಬರ್ತಾರೆ, ನಾವೇ ತಿಳ್ಕೊಂಡು ಪಕ್ಕಕ್ಕೆ ಹೋಗ್ಬೇಕು. ಕೊನೆಕೊನೆಗೆ ತಡೀಲಾರದೆ ಯಾರೋ ಒಬ್ಬ ತಿರುವಿನಲ್ಲೇ ಓವರ್‌ಟೇಕ್ ಮಾಡ್ತಾನೆ, ಆಗಲೇ ಆಕ್ಸಿಡೆಂಟ್ ಆಗೋದು.” ಅವಳ ದನಿ ಇಳಿಯಿತು. “ನೀನು ಕೆಟ್ಟದಾಗಿ ಓಡಿಸ್ತೀಯ ಅಂತಲ್ಲ. ಆದ್ರೆ ಐನೂರು ಕಿಲೋಮೀಟರು ಹೀಗೆ ಆಗಲ್ಲ. ಸಂಜೆ ಬಸ್ ಬುಕ್ ಮಾಡ್ತೀನಿ.”

ಪದ್ಮಾವತಿ ಹೋಗಿ ಕಲ್ಲುಬೆಂಚಿನ ಮೇಲೆ ಕೂತರು. ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಮೂವರೂ ತಿಂದರು. ಪದ್ಮಾವತಿಗೆ ರುಚಿ ತಿಳಿಯಲಿಲ್ಲ. ಮಗಳ ಮಾತಿಗಿಂತ ಹೆಚ್ಚು ಚುಚ್ಚಿದ್ದು ಬೇರೆ. ಪ್ರತಿ ವರ್ಷ ಲ್ಯಾಬಿನ ಮೊದಲ ದಿನ ಅವರು ಹುಡುಗಿಯರಿಗೆ ಹೇಳುತ್ತಿದ್ದ ಒಂದು ಮಾತಿತ್ತು. ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಯಲ್ಲಿ ನಿಂತಿತೆಂದು ಹಿಗ್ಗಬೇಡಿ. ಎರಡು ಕಡೆಯ ವೋಲ್ಟೇಜು ಸಮ ಇದ್ದರೂ ಅದು ಸೊನ್ನೆ ತೋರಿಸುತ್ತದೆ, ತಂತಿ ಕಿತ್ತುಹೋಗಿದ್ದರೂ ಸೊನ್ನೆಯೇ. ಮೊದಲು ತಂತಿ ಕೂಡಿದೆಯಾ ನೋಡಿ. ಚಂದ್ರಿಕಾ ಅದನ್ನು ರೆಕಾರ್ಡ್ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಿದ್ದಳು. ಮೂವತ್ತೊಂದು ವರ್ಷ ಅದನ್ನು ಹೇಳಿದವರು ಇವತ್ತು ಹಾರ್ನಿಲ್ಲದ್ದನ್ನು ನೋಡಿ ಹಿಗ್ಗಿದ್ದರು. ಹಾರ್ನ್ ಎಂಬ ತಂತಿ ಈ ದೇಶದಲ್ಲಿ ಜೋಡಿಸಿಯೇ ಇರಲಿಲ್ಲ.

ಸೊಬಗನ್ನೆಲ್ಲ ನೋಡಿಕೊಂಡು ಬಂದಿರಾ ಎಂದು ಆ ಮುದುಕ ಕೇಳಿದ್ದರ ಅರ್ಥವೂ ಈಗ ಆಯಿತು. ಕಿವಿ ಬೆಚ್ಚಗಾಯಿತು.

ಡಬ್ಬಿ ಮುಚ್ಚಿ ಎದ್ದರು. “ಕೃಪಾ, ಒಂದೇ ರೀಡಿಂಗ್ ತಗೊಂಡು ಯಾರಾದ್ರೂ ಗ್ರಾಫ್ ಎಳೀತಾರಾ?”

“ಅಮ್ಮ...”

“ಹೋಗಿ ಬರೋದು ಅಂತ ಕರಾರು. ಹೋಗಿದ್ದಾಯ್ತು, ತಪ್ಪಾಯ್ತು, ಒಪ್ತೀನಿ. ಬರೋದು ಇನ್ನೂ ಬಾಕಿ ಇದೆ. ಆಮೇಲೆ ನೀನು ಬಸ್ ಅಂದ್ರೆ ಬಸ್. ನಾನು ತುಟಿ ಪಿಟಕ್ಕನ್ನಲ್ಲ.”

ಕೃಪಾ ಅಪ್ಪನ ಮುಖ ನೋಡಿದಳು. “ನೀನೂ ಲ್ಯಾಬಲ್ಲಿ ಇರೋಳು,” ಎಂದರು ವಾಸುದೇವ್. “ಸ್ಯಾಂಪಲ್ ಎರಡು ಸಲ ನೋಡಲ್ವಾ?”

ಈ ಸಲ ಅವರು ಹಿಂದಿನ ಸೀಟಿನಲ್ಲಿ ಓರೆಯಾಗಿ, ಹಿಂಬದಿಯ ಗಾಜು ಕಾಣುವಂತೆ ಕೂತರು. ಅದು ಹೆಂಡತಿಯ ಅಪ್ಪಣೆ. “ಕನ್ನಡಿ ನಾನೂ ನೋಡ್ತೀನಿ. ನೀವು ಎಣಿಸಿ ಹೇಳಿ. ಇನ್ಮೇಲೆ ನೀವೇ ನನ್ನ ಮೀಟರು.”

“ನಲವತ್ತೈದು ಕಿಲೋಮೀಟರು ಮುಖ ತಿರುಗಿಸ್ಕೊಂಡು ಕೂರೋ ಮೀಟರು,” ಎಂದರು ಅವರು.

ಪದ್ಮಾವತಿ ಹೊರಟರು. ಮೊದಲ ನೇರ ದಾರಿಯಲ್ಲೇ ಸೂಜಿ ಎಪ್ಪತ್ತು ಮುಟ್ಟಿತು, ಎಂಬತ್ತು ಮುಟ್ಟಿತು. ಅಂಗೈ ಬೆವರಿತು. ತಿರುವುಗಳ ಮುಂಚೆ ಎಷ್ಟು ವೇಗದಲ್ಲಿ ತಿರುಗಬಹುದೆಂದು ಹಳದಿ ಫಲಕದಲ್ಲಿ ಒಂದೊಂದು ಸಂಖ್ಯೆ ಬರೆದಿದ್ದರು. ಹೋಗುವಾಗ ಆ ಸಂಖ್ಯೆಯನ್ನು ಅವರು ನಂಬಿರಲಿಲ್ಲ. ಈಗ ಅರವತ್ತೈದು ಎಂದಿದ್ದ ತಿರುವಿಗೆ ಅರವತ್ತೈದರಲ್ಲೇ ಹೊಕ್ಕರು. ಕಾರು ಅತ್ತಿತ್ತ ಜಗ್ಗದೆ, ಹೊರಗೆ ಜಾರುವ ಸೂಚನೆಯನ್ನೂ ಕೊಡದೆ, ಒಳಕ್ಕೆ ವಾಲಿದ ದಾರಿಗೆ ಒರಗಿಕೊಂಡಂತೆ ತಿರುಗಿತು. ರಸ್ತೆಯ ಇಳಿಜಾರು, ತಿರುವಿನ ತ್ರಿಜ್ಯ, ಟೈರಿನ ಹಿಡಿತ: ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದ ಲೆಕ್ಕ ಈಗ ಸೊಂಟಕ್ಕೆ ತಿಳಿಯುತ್ತಿತ್ತು. ಈ ಫಲಕ ನೆಟ್ಟವರು ಲೆಕ್ಕ ಸರಿಯಾಗಿ ಮಾಡಿದ್ದಾರೆ, ತಪ್ಪಿಗೆ ಸ್ವಲ್ಪ ಜಾಗವನ್ನೂ ಬಿಟ್ಟಿದ್ದಾರೆ ಎಂದುಕೊಂಡರು. ಮುಂದಿನ ತಿರುವಿಗೆ ಕೈ ಬೆವರಲಿಲ್ಲ.

“ಕೃಪಾ ಒಬ್ಬಳೇ,” ಎಂದರು ವಾಸುದೇವ್. ಸ್ವಲ್ಪ ಹೊತ್ತಾದ ಮೇಲೆ, “ಅವಳ ಹಿಂದೆ ಒಂದು. ಎರಡು. ಒಂದು ಯೂಟ್ ಬಂತು ನೋಡು, ಮೂರು.”

ಗುಡ್ಡ ಹತ್ತುವ ದಾರಿ. ಎಡಕ್ಕೆ ಅಗಲಿಸಿದ ಜಾಗ ಕಂಡಿತು. ಟ್ರ್ಯಾಕ್ಟರಿನವರ ಅನುಕೂಲ. ಪದ್ಮಾವತಿ ಎಡ ಇಂಡಿಕೇಟರ್ ಹಾಕಿ, ವೇಗ ಇಳಿಸುತ್ತ ಅದರೊಳಗೆ ಸರಿದರು. ಕೃಪಾಳೂ ಹಿಂದೆಯೇ ಸರಿದಳು. ಮೂರು ಗಾಡಿಗಳು ಬಲಕ್ಕೆ ಒಂದರ ಹಿಂದೊಂದು ದಾಟಿದವು. ಕೊನೆಯ ಯೂಟ್ ದಾಟುವಾಗ ಎರಡು ಸಲ ಪುಟ್ಟದಾಗಿ ಹಾರ್ನ್ ಕೇಳಿಸಿತು.

ಪದ್ಮಾವತಿ ಬೆಚ್ಚಿದರು. “ಈಗಲೂ ಬೈದ್ನಾ?”

“ಇಲ್ಲ ಕಣೇ. ಕೈ ಎತ್ತಿ ತೋರಿಸ್ಕೊಂಡು ಹೋದ. ಥ್ಯಾಂಕ್ಸ್ ಅಂದ ಹಾಗಿತ್ತು.”

ಪದ್ಮಾವತಿ ಕನ್ನಡಿ ನೋಡಿ, ಬಲ ಇಂಡಿಕೇಟರ್ ಹಾಕಿ, ಮತ್ತೆ ದಾರಿಗೆ ಸೇರಿದರು. ತುಟಿಯಂಚು ಮೇಲೆದ್ದದ್ದು ಕನ್ನಡಿಯಲ್ಲಿ ವಾಸುದೇವ್‌ಗೆ ಕಂಡಿತು. ಸದ್ದಿಲ್ಲದ ದೇಶದಲ್ಲಿ ಸಿಕ್ಕ ಮೊದಲ ಹಾರ್ನು. ಇದು ದುಡಿದು ಗಳಿಸಿದ್ದು.

ಎರಡನೆಯ ಜಾಗದಲ್ಲಿ ಸರಿಯುವ ಅಗತ್ಯ ಬೀಳಲಿಲ್ಲ. ಹಿಂದೆ ಬಂದ ಗಾಡಿ ಇವರ ವೇಗಕ್ಕೇ ಹೊಂದಿಕೊಂಡಿತ್ತು. ಕೊನೆಯದು ಬರುವಷ್ಟರಲ್ಲಿ ವಾಸುದೇವರ ಎಣಿಕೆ ಮತ್ತೆ ಮೂರಕ್ಕೆ ಮುಟ್ಟಿತ್ತು. ಪದ್ಮಾವತಿ ಎಡಕ್ಕೆ ಸರಿದರು. ಕೃಪಾಳೂ ಮೊದಲಿನಂತೆ ಬೆನ್ನಿಗೆ ಸರಿಯುವಳೆಂದು ಕನ್ನಡಿ ನೋಡಿದರು.

ಕೆಂಪು ಕಾರು ಇಂಡಿಕೇಟರ್ ಹಾಕಲಿಲ್ಲ. ನೇರವಾಗಿ ಬಂದು, ಅವರ ಪಕ್ಕ ಹಾಯುವಾಗ ಎರಡು ಸಲ ಪುಟ್ಟದಾಗಿ ಹಾರ್ನ್ ಮಾಡಿತು. ಕಿಟಕಿಯಾಚೆ ಕೃಪಾ ಕೈ ಎತ್ತಿದಳು, ಇವರ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಹಿಂದೆ ಉಳಿದ ಮೂರು ಗಾಡಿಗಳು ಹೋದವು. ಕೆಂಪು ಕಾರು ದಿಣ್ಣೆ ಏರಿತು, ಬ್ರೇಕಿನ ದೀಪ ಒಮ್ಮೆಯೂ ಹೊತ್ತದೆ ಆಚೆ ಇಳಿದು ಮರೆಯಾಯಿತು.

“ಏನೇ ಇದು, ನಮ್ಮನ್ನ ಬಿಟ್ಟು ಹೋದ್ಲು,” ಎಂದರು ವಾಸುದೇವ್.

“ಹೂಂ,” ಎಂದರು ಪದ್ಮಾವತಿ. “ಬಿಟ್ಟು ಹೋದ್ಲು.”

“ಮನೆಗೆ ದಾರಿ?”

“ಗೊತ್ತು. ಪೊರಿರುವಾಕ್ಕೂ ಗೊತ್ತು. ಮನೆಗೆ ಹೋದ್ಮೇಲೆ ಚಂದ್ರಿಕಾಗೆ ಫೋನ್ ಮಾಡಿ. ಸೋಮವಾರ ಹೊರಟು, ನಡುವೆ ಒಂದು ರಾತ್ರಿ ತಂಗಿ, ಮಂಗಳವಾರ ಮಧ್ಯಾಹ್ನ ಅವಳ ಬಾಗಿಲಲ್ಲಿ ಇರ್ತೀವಿ ಅಂತ ಹೇಳಿ.” ಬಲ ಇಂಡಿಕೇಟರ್ ಹಾಕಿದರು. “ಹಿಂದೆ ಎಷ್ಟು?”

“ಸೊನ್ನೆ.”

“ತಂತಿ ಕೂಡಿದೆ ತಾನೆ?”

ವಾಸುದೇವ್ ಮತ್ತೊಮ್ಮೆ ಪೂರ್ತಿ ತಿರುಗಿ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. “ಕೂಡಿದೆ. ಹೊರಡು.”

ಪದ್ಮಾವತಿ ತಾವೂ ಒಮ್ಮೆ ಕನ್ನಡಿ ನೋಡಿಕೊಂಡು ಹೊರಟರು.