ಚೌಕ ಬಾಲ

ಅಂಗಡಿಯವನು ಮೂರನೆಯ ಸಲವೂ ಮರ ಕೊರೆಯುವ, ದುಂಡು ಬಾಲದ ಡ್ರಿಲ್ ಬಿಟ್ಟನ್ನೇ ಮುಂದಿಟ್ಟ.

"ಇದಲ್ಲ ಯಜಮಾನ್ರೇ. ಕೈ ಬೈರಿಗೆಗೆ ಹಾಕೋದು. ಬಾಲ ಚೌಕ ಇರ್ಬೇಕು."

"ಕೊರೆಯೋದು ಮೂತಿ ತಾಯಿ, ಬಾಲ ಅಲ್ಲ! ನಿಮ್ಮಣ್ಣನ್ನ ಕಳಿಸು, ಅವ್ನಿಗೆ ಗೊತ್ತಾಗುತ್ತೆ."

ಅಂಗಡಿಯಲ್ಲಿದ್ದ ಇಬ್ಬರು ನಕ್ಕರು. ಅವಳ ಕಿವಿ ಬಿಸಿಯಾಯಿತು. ಅಪ್ಪನ ಆರು ಬಿಟ್ಟುಗಳ ಬಾಲವನ್ನು ನಿನ್ನೆ ಕತ್ತರಿಸಿಹಾಕಿದ್ದೇ ಆ ಅಣ್ಣ. ತನ್ನ ಕರೆಂಟಿನ ಮಶಿನ್ನಿಗೆ ಕೂರುತ್ತವೆ ಎಂದುಕೊಂಡಿದ್ದ. ಕೂತವು, ಆದರೆ ಅಲ್ಲಾಡಿ ಮರವನ್ನೆಲ್ಲ ಸುಟ್ಟವು. ಬೈರಿಗೆಗೂ ಬೇಡವಾದವು, ಅದರ ಎರಡು ದವಡೆ ಬಾಲಕ್ಕೆ ನಾಲ್ಕು ಮೂಲೆಯಿದ್ದರೆ ಮಾತ್ರ ಕಚ್ಚುತ್ತವೆ, ದುಂಡಾದರೆ ಜಾರುತ್ತವೆ.

"ಯಾವ ಕಾಲದ್ದೋ, ಹೋದ್ರೆ ಹೋಯ್ತು ಬಿಡು" ಎಂದಿದ್ದ ಅಣ್ಣ. "ನಿನ್ನ ಏಣಿ ನಾನೇ ಮುಗಿಸಿ ಕೊಡ್ತೀನಿ."

ಅವಳನ್ನೇ ಕೇಳಿಕೊಂಡು ಬಂದ ಮೊದಲ ಕೆಲಸ ಆ ಏಣಿ. ಅದನ್ನು ಮಾಡಿಸುತ್ತಿರುವ, ಮನೆಗಳಿಗೆ ಬಣ್ಣ ಬಳಿಯುವ ಹೆಂಗಸು ನಾಳೆ ಬೆಳಿಗ್ಗೆ ಒಯ್ಯಲು ಬರುತ್ತಾಳೆ. ಮೆಟ್ಟಿಲು ಕೂರಿಸಲು ಇನ್ನೂ ಇಪ್ಪತ್ತು ತೂತು ಬಾಕಿ. ಅಣ್ಣ ಕೈ ಹಾಕಿದರೆ ಅದು ಅಣ್ಣನ ಏಣಿ.

ಅವಳು ದುಂಡು ಬಾಲದ್ದನ್ನೇ ಕೊಂಡಳು.

ಕೆಲಸದ ಕೊಟ್ಟಿಗೆಗೆ ಬಂದವಳೇ ಬಿಟ್ಟನ್ನು ತಲೆಕೆಳಗಾಗಿ ಬೆಂಚಿನ ವೈಸಿನ ಇಕ್ಕಳದಲ್ಲಿ ಬಿಗಿದು, ಬಾಲ ಚೌಕ ಮಾಡಲು ಅರ ಹಿಡಿದು ಉಜ್ಜತೊಡಗಿದಳು; ಅಪ್ಪನವುಗಳಲ್ಲಿ ಉಜ್ಜುವಷ್ಟು ಬಾಲ ಉಳಿದಿರಲಿಲ್ಲ. ಒಂದು ಮಗ್ಗುಲು ಚಪ್ಪಟೆಯಾಗುವಷ್ಟರಲ್ಲಿ ಅಂಗೈ ಬೊಬ್ಬೆ ಎದ್ದಿತು.

"ಕೊಡಲಿ ಬೇಕಾದ ಕಡೆ ಉಗುರು ಹಾಕ್ತೀಯಲ್ಲೇ" ಅಣ್ಣ ಬಾಗಿಲಿಗೊರಗಿ ನಕ್ಕ. "ಮಶಿನ್ ಇದೆ, ನಾನಿದೀನಿ. ಯಾಕಿಷ್ಟು ಹಟ?"

"ಕತ್ತರಿಸೋಕೆ ಮುಂಚೆ ಕೇಳಿದ್ಯಾ ನನ್ನ?"

"ನಿನ್ನ ಕೇಳ್ಬೇಕಾ? ಅಪ್ಪಂದು ಅದು."

"ಅಪ್ಪ ಹೋದ್ಮೇಲೆ ಒಂದಿನ ಮುಟ್ಟಿದ್ಯಾ ಆ ಬೈರಿಗೇನ? ನಾಲ್ಕು ವರ್ಷದಿಂದ ತಿರುಗಿಸ್ತಿರೋಳು ನಾನು."

ಅವಳ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ಆ ಕೊಟ್ಟಿಗೆ ಕೇಳಿರಲಿಲ್ಲ. ಅಣ್ಣನ ನಗು ಅರ್ಧಕ್ಕೇ ನಿಂತಿತು.

ಎರಡನೆಯ ಮಗ್ಗುಲು, ಮೂರನೆಯದು, ನಾಲ್ಕನೆಯದು. ಮೂಲೆಗಳು ಒಂದೇ ಸಮ ಬರಲಿಲ್ಲ. ಆದರೂ ದವಡೆ ಕಚ್ಚಿತು. ಅವಳು ಏಣಿಯ ಕಾಲನ್ನು ಬೆಂಚಿನ ಮೇಲೆ ಅಡ್ಡ ನಿಲ್ಲಿಸಿ ಬಿಗಿದು, ಬೈರಿಗೆಯ ತಲೆಗೆ ಎದೆ ಕೊಟ್ಟು, ಹಲ್ಲು ಕಚ್ಚಿ ತಿರುಗಿಸಿದಳು. ಸಿಂಬೆಸಿಂಬೆಯಾಗಿ ಮರದ ಸುರುಳಿ ಉದುರಿತು.

ಅಣ್ಣ ಬಂದು ಎದುರಿಗೆ ನಿಂತ. ಅವನಿದ್ದ ಬದಿಯಲ್ಲಿ ಬಿಟ್ಟಿನ ಮೂತಿಯ ಸಣ್ಣ ತಿರುಪು ಮೊನೆ ಇಣುಕಿತು. ಇನ್ನು ಆ ಕಡೆಯಿಂದ ಕೊರೆಯಬೇಕು, ಇಲ್ಲದಿದ್ದರೆ ಮರ ಸೀಳುತ್ತದೆ.

"ಜರುಗು" ಎಂದಳು.

ಅವನು ಗೋಡೆಯವರೆಗೂ ಸರಿದ. ಅವಳು ಬಿಟ್ಟನ್ನು ಹಿಂದಕ್ಕೆ ತಿರುಗಿಸಿ ತೆಗೆದು, ಬೆಂಚನ್ನು ಸುತ್ತಿಕೊಂಡು ಹೋಗಿ ಆ ಸಣ್ಣ ತೂತಿಗೆ ಮೊನೆ ಇಟ್ಟಳು.